ಹಳಿ ದಿಬ್ಬದ ಹಿಂದ ಹೊಲ ಕೆರಿ ಆಗೇತಿ, ಯಾರನ್ನ ಕೇಳೂದ್ರಿ?

ಎರಿಹೊಲದಾಂವ
ಎಲ್ಲಾರಿಗೂ ನಮಸ್ಕಾರ್ರಿ. ಭಾಳ ದಿನದಿಂದ ಇಲ್ಲಿ ಓದಾಕತ್ತೀನಿ, ಬರಿಯೂದು ಇದ ಮೊದಲು, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ. ನಮ್ಮೂರು ನವಲಗುಂದ ಗದಗ ನಡಬರಕ ಎಲ್ಲೋ ಒಂದ ಕಡೆ ಅಂತ ತಿಳ್ಕೋರಿ, ಊರ ಹೆಸರು ಬ್ಯಾಡ. ಆರ ಎಕರೆ ಎರಿ ಹೊಲ. ನಾಕ ಎಕರೆ ಹೆಸರು, ಎರಡ ಎಕರೆ ಹತ್ತಿ ಹಾಕಿದ್ವಿ. ಹೊಲದ ಕೆಳಗ ರೈಲ್ವೆ ಲೈನ್ ಐತಿ, ನಮ್ಮ ಮುತ್ಯಾನ ಕಾಲದಿಂದನೂ ಐತಿ, ಮೊದ್ಲ ಮೀಟರ್ ಗೇಜ್ ಇತ್ತು ಆಮ್ಯಾಲೆ ಬ್ರಾಡ್ ಗೇಜ್ ಆತು, ಈಗ ಬಾಜೂಕ ಇನ್ನೊಂದ ಹಳಿ ಹಾಕ್ಯಾರ.

ಹಳಿ ಕೆಳಗ ಮೂರ ಕಣ್ಣಿನ ಕಲ್ಲಿನ ಮೋರಿ ಐತಿ. ಹಿಂದಕ ಎಷ್ಟ ಮಳಿ ಬಂದ್ರೂ ಸಂಜಿಗೆ ಬಂದ ನೀರು ನಸಿಕಿನ್ಯಾಗ ಇಳದ ಹೋಗಿರ್ತಿತ್ತು. 2009ರ ಆ ದೊಡ್ಡ ಮಳಿಯಾಗೂ ಎರಡ ದಿನದಾಗ ಹೊಲದಾಗ ಕಾಲ ಇಟ್ಟಿದ್ವಿ. ಈಗ ಎರಡ ವರ್ಷ ಆತು, ಡಬಲ್ ಲೈನ್ ಕೆಲಸ ಸುರು ಆದಾಗಿಂದ ನೀರ ಹೋಗವಲ್ದು. ಈ ಸಲ ಐದ ದಿನ ನಿಂತೈತಿ. ಹೆಸರ ಬುಡ್ಡಿ ಬಿಡಸಾಕ ಆಳ ಹೇಳಿ ಇಟ್ಟಿದ್ದೆ, ಎಲ್ಲಿ ಬಿಡಸ್ತೀರಿ? ನಿನ್ನೆ ಮೊಣಕಾಲಮಟ ರಾಡಿಯಾಗ ಹೋಗಿ ಒಂದ ಬುಡ್ಡಿ ಹರದ ನೋಡಿದ್ರ ಒಳಗ ಕಾಳಿಗೆ ಬಾಲ ಬಂದೈತಿ, ಗಿಡದಾಗ ಇದ್ದಂಗ ಮೊಳಕಿ. ನಮ್ಮವ್ವ "ಪಲ್ಯಾ ಮಾಡಾಕ ನೆನೀ ಹಾಕೂದು ತಪ್ಪಿತು" ಅಂತ ನಕ್ಕಳು, ಆಮ್ಯಾಲೆ ಒಳಗ ಹೋದಾಕಿ ಭಾಳೊತ್ತು ಹೊರಗ ಬರಲಿಲ್ಲ.

ಮೋರಿ ಸಣ್ಣದು ಮಾಡ್ಯಾರ ಅಂತ ನನ್ನ ಅನುಮಾನ. ಒಬ್ಬ ಸಾಹೇಬ್ರ ಹತ್ರ ಹೋದ್ರ "ಅದು ನಮಗ ಬರಂಗಿಲ್ಲ, ಇನ್ನೊಂದ ಆಫೀಸು" ಅಂದ್ರು, ಅಲ್ಲಿ ಹೋದ್ರ ತಿರುಗಿ ಇಲ್ಲಿಗೇ ಕಳಸಿದ್ರು. ಯಾರಿಗರೆ ಇದರ ಬಗ್ಗೆ ಗೊತ್ತೈತೇನ್ರಿ?

ಡೋಣಿ_ದಂಡಿ
ಅಣ್ಣಾ ನಿಮ್ಮ ಕತಿ ನಮ್ಮ ಕತಿ ಒಂದ. ನಾವು ವಿಜಾಪುರ ಕಡೆ ಡೋಣಿ ಹೊಳಿ ಸಾಲಿನವ್ರು. ಡೋಣಿ ಹರದ್ರ ಓಣಿ ತುಂಬ ಕಾಳು ಅಂತಿದ್ರು ಹಿರೇರು, ಈಗ ಡೋಣಿ ಹರದ್ರ ಓಣಿ ತುಂಬ ಹೂಳು. ಪೀಕಜಾಲಿ ಬೆಳದು ಹೊಳಿ ಎಲ್ಲಿ ಹೊಲ ಎಲ್ಲಿ ಗೊತ್ತಾಗವಲ್ದು. ನಿಮ್ಮ ಕಡೆ ಬೆಣ್ಣಿಹಳ್ಳಕ್ಕೂ ನಮ್ಮ ಡೋಣಿಗೂ ನೀರಾವರಿ ತಜ್ಞ ಪರಮಶಿವಯ್ಯನವ್ರ ವರದಿ ಜಾರಿ ಮಾಡ್ರಿ ಅಂತ ಎಲೆಕ್ಷನ್ ಬಂದಾಗೊಮ್ಮೆ ಕೇಳ್ತೀವಿ, ಹೂಂ ಅಂತಾರ, ಹೋಗ್ತಾರ.

ಡೈಲಿ_ಪ್ಯಾಸೆಂಜರ್
ಬೇಜಾರ್ ಮಾಡ್ಕೋಬೇಡಿ ಸರ್ ಆದ್ರೆ ಎಲ್ಲದಕ್ಕೂ ರೈಲ್ವೆನ ಬೈಯೋದು ಫ್ಯಾಷನ್ ಆಗ್ಬಿಟ್ಟಿದೆ. ಸಿಂಗಲ್ ಲೈನಲ್ಲಿ ಕ್ರಾಸಿಂಗ್ ಅಂತ ನಲವತ್ತೈದು ನಿಮಿಷ ಹೊರವಲಯದಲ್ಲಿ ನಿಂತು ನಿಂತು ನಾನು ಆಫೀಸಲ್ಲಿ ಎಷ್ಟು ಸಲ ಹಾಫ್ ಡೇ ಹಾಕ್ಸ್ಕೊಂಡಿದೀನಿ ನಂಗೇ ಲೆಕ್ಕ ಇಲ್ಲ. ಹೋಟಗಿ–ಗದಗ 284 ಕಿಲೋಮೀಟರ್ ಡಬ್ಲಿಂಗಿಗೆ ಜನ ಎಷ್ಟು ವರ್ಷ ಕಾದಿದ್ದಾರೆ. ಲೈನೇ ಬೇಡ ಅಂದ್ರೆ ಹೆಂಗೆ?

ಎರಿಹೊಲದಾಂವ
ಲೈನ್ ಬ್ಯಾಡ ಅಂತ ಎಲ್ಲಿ ಅಂದೀನ್ರಿ? ನನ್ನ ಮಗಳು ಅದ ರೈಲಿಗೆ ಹುಬ್ಬಳ್ಳಿ ಕಾಲೇಜಿಗೆ ಹೊಕ್ಕಾಳ. ನೀರಿಗೆ ಹಾದಿ ಬಿಡ್ರಿ ಅಂದೀನಿ, ಅಷ್ಟ.

ಕೀಮ್ಯಾನ್_ರಿಟೈರ್ಡ್
ತಮ್ಮಾ, ಮೂವತ್ತನಾಕ ವರ್ಷ ಹಳಿ ಮ್ಯಾಲೆ ನಡದಾಂವ ನಾ, ಮಳಿಗಾಲದ ರಾತ್ರಿ ಪೆಟ್ರೋಲಿಂಗ್ ಮಾಡೀನಿ, ಕೈಯಾಗ ಲಾಟೀನು, ಚೀಲದಾಗ ಪಟಾಕಿ ಸಿಗ್ನಲ್ಲು. ಸಿಟ್ಟ ಬಿಟ್ಟು ನಾ ಕೇಳಿದ್ದಕ್ಕ ಉತ್ತರ ಹೇಳು. ನೀರು ನಿಂತಾಗ ಮೋರಿ ಹತ್ರ ಹೋಗಿದ್ದ್ಯಾ? ಮ್ಯಾಲಕಡೆ ನೀರು ಎಷ್ಟ ಎತ್ತರ ಇತ್ತು, ಹಳಿ ದಾಟಿ ಕೆಳಕಡೆ ಎಷ್ಟಿತ್ತು? ಮ್ಯಾಲೆ ಒಂದ ಆಳ ನೀರು, ಕೆಳಗ ಮೊಣಕಾಲ ನೀರು ಇದ್ರ ಮೋರಿನ ಸಾಲವಲ್ದು ಅಂತ ಅರ್ಥ. ಎರಡೂ ಕಡೆ ಒಂದ ಮಟ್ಟ ಇದ್ರ ಮೋರಿ ತಪ್ಪಲ್ಲ, ಹಳ್ಳಾನ ಮುಂದ ಎಲ್ಲೋ ಕಟ್ಟೇತಿ. ಅದನ್ನ ನೋಡದ ಅರ್ಜಿ ಕೊಟ್ರ ಸಾಹೇಬ್ರು ಬಂದು ಎರಡ ಮಿನಿಟಿನ್ಯಾಗ ಅರ್ಜಿ ಹಾರಸ್ತಾರ.

ಇನ್ನೊಂದು, ಮೋರಿ ಗ್ವಾಡಿ ಮ್ಯಾಲೆ ಬಣ್ಣದಾಗ ಗೆರಿ ಹೊಡದಿರ್ತಾರ, ಡೇಂಜರ್ ಲೆವೆಲ್, ಹಿಂದಿನ ದೊಡ್ಡ ನೀರು ಎಲ್ಲಿಮಟ ಬಂದಿತ್ತು ಅಂತ ವರ್ಷ ಸಮೇತ. ಅದರ ಫೋಟೋ ತಗೀ.

ಲಾಯರ್_ಕಾಕಾ
ಕೀಮ್ಯಾನ್ ಅವರು ಹೇಳಿದ್ದು ಸರಿ ಐತಿ, ಮೊದಲು ಅದನ್ನ ಮಾಡ್ರಿ. ಕಾಯ್ದೆ ವಿಷಯ ನಾ ಹೇಳ್ತೀನಿ. 1989ರ ರೈಲ್ವೆ ಕಾಯ್ದೆ ಕಲಂ 16 ಅಂತ ಐತಿ. ಹಳಿ ಹಾಕೋಕಿಂತ ಮೊದಲು ಆ ಜಮೀನಿನ ನೀರು ಎಷ್ಟು ಸಲೀಸಾಗಿ ಹರೀತಿತ್ತೋ ಆದಷ್ಟೂ ಹಂಗೇ ಹರಿಯೋವಷ್ಟು ದೊಡ್ಡ ಮೋರಿ, ಕಾಲುವೆ ಮಾಡಿ ಅದನ್ನ ನೋಡ್ಕೋಬೇಕಾದ್ದು ರೈಲ್ವೆ ಆಡಳಿತದ ಕರ್ತವ್ಯ. ಬ್ರಿಟಿಷರ 1890ರ ಕಾಯ್ದೆಯೊಳಗೂ ಈ ಮಾತು ಇತ್ತು, ಅಂದ್ರೆ ಹಳಿ ದಿಬ್ಬ ನೀರು ಕಟ್ತೈತಿ ಅನ್ನೋದು ಇವತ್ತು ಗೊತ್ತಾದ ವಿಚಾರ ಅಲ್ಲ.

ಆದ್ರೆ ಅದೇ ಕಲಮಿನ ಹೊಟ್ಟೆಯೊಳಗೆ ಒಂದು ಕೊಕ್ಕೆ ಐತಿ. ಲೈನು ಸಂಚಾರಕ್ಕೆ ತೆರೆದು ಹತ್ತು ವರ್ಷ ಆದ ಮೇಲೆ ಹೊಸದಾಗಿ ಹೆಚ್ಚಿನ ಮೋರಿ ಬೇಕು ಅಂದ್ರೆ ಅವರ ಖರ್ಚಿನಲ್ಲಿ ಮಾಡ್ರಿ ಅಂತ ಒತ್ತಾಯ ಮಾಡೋಕಾಗಲ್ಲ. ಕಲಂ 17 ನೋಡಿದ್ರೆ ಬೇಕಾದವರು ತಮ್ಮ ಖರ್ಚಿನಿಂದ ಮಾಡಿಸ್ಕೋಬಹುದು. ಆರು ಎಕರೆಯವನು ರೈಲ್ವೆ ಹಳಿ ಕೆಳಗೆ ಕಾಂಕ್ರೀಟ್ ಬಾಕ್ಸ್ ಮೋರಿ ಕೂಡಿಸೋ ಖರ್ಚು ಕೊಡ್ತಾನಾ? ನಮ್ಮ ಹಳೇ ಲೈನು 1880ರ ದಶಕದ್ದು, ಆ ಹತ್ತು ವರ್ಷ ಮುಗಿದಾಗ ನಮ್ಮ ಮುತ್ತಜ್ಜ ಚಡ್ಡಿ ಹಾಕ್ತಿದ್ನೋ ಇಲ್ಲೋ. ಡಬಲ್ ಲೈನಿಗೆ ಹತ್ತು ವರ್ಷ ಹೊಸದಾಗಿ ಎಣಿಸಬೇಕು ಅಂತ ನಾನಾದ್ರೆ ವಾದ ಮಾಡ್ತೀನಿ, ಕೋರ್ಟ್ ಒಪ್ಪಬೇಕು.

ಯಲ್ಲಾಪುರದ_ಹುಡುಗಿ
ನಾನು ಕಾಡಿನ ಕಡೆಯವಳು, ಹುಬ್ಬಳ್ಳಿ–ಅಂಕೋಲಾ ಲೈನ್ ಗಲಾಟೆ ಚಿಕ್ಕಂದಿನಿಂದ ಕೇಳ್ತಾ ಬೆಳೆದಿದ್ದೇನೆ, ನಮ್ಮಲ್ಲಿ ಮನೆ ಮನೆಯಲ್ಲೂ ಆ ವಿಷ್ಯಕ್ಕೆ ಎರಡು ಪಾರ್ಟಿ. ಇಲ್ಲಿ ಓದ್ತಾ ಒಂದು ಹೊಳೀತು. ಆ ಲೈನಿಗೆ ಅರಣ್ಯದ ಅನುಮತಿ, ವನ್ಯಜೀವಿ ಮಂಡಳಿ, ಹೈಕೋರ್ಟು ಅಂತ ಎರಡು ದಶಕಕ್ಕಿಂತ ಹೆಚ್ಚು ಹೋಯ್ತು. ಕ್ಯಾಸಲ್‌ರಾಕ್–ಕುಳೆಂ ಡಬ್ಲಿಂಗಿಗೆ ವನ್ಯಜೀವಿ ಮಂಡಳಿ ಕೊಟ್ಟ ಒಪ್ಪಿಗೆಯನ್ನ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡ್ತು. ಅಂದ್ರೆ ಕಾಡು ಇದ್ರೆ ಯಾರಾದ್ರೂ ಕೇಳ್ತಾರೆ. ಬಯಲುಸೀಮೆ ಹೊಲದಲ್ಲಿ ಹೋದ್ರೆ? 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಹೈವೇ ಇದೆ, ಏರ್‌ಪೋರ್ಟ್ ಇದೆ, ಬಂದರು ಇದೆ, ರೈಲ್ವೆ ಲೈನ್ ಇಲ್ಲವೇ ಇಲ್ಲ! ಕಾಡು ಬರದಿದ್ರೆ ಪರಿಸರ ಅನುಮತಿ ಅನ್ನೋ ಪ್ರಶ್ನೆಯೇ ಹುಟ್ಟೋದಿಲ್ಲ. ನೀರು ಯಾವ ಕಡೆ ಹರೀತದೆ, ದಿಬ್ಬ ಹಾಕಿದ್ರೆ ಯಾರ ಹೊಲ ಮುಳುಗ್ತದೆ ಅಂತ ಊರವರನ್ನ ಕೂರಿಸಿ ಕೇಳೋ ಒಂದು ಸಭೆ ಕೂಡ ಕಡ್ಡಾಯ ಅಲ್ಲ ಮಾರಾಯ್ರೆ.

ಡೈಲಿ_ಪ್ಯಾಸೆಂಜರ್
ಅಯ್ಯೋ ಇನ್ನೊಂದು ಪರ್ಮಿಷನ್ ಬೇರೆ ಬೇಕಾ? ಇರೋ ಪರ್ಮಿಷನಲ್ಲೇ ಮೊಮ್ಮಕ್ಕಳ ಕಾಲಕ್ಕೆ ರೈಲು ಬರುತ್ತೆ.

ಯಲ್ಲಾಪುರದ_ಹುಡುಗಿ
2024ರ ಜುಲೈ ಕೊನೆಗೆ ಸಕಲೇಶಪುರ ಘಾಟಿಯಲ್ಲಿ ಕಡಗರವಳ್ಳಿ–ಯಡಕುಮಾರಿ ಮಧ್ಯ ಹಳಿ ಕೆಳಗಿನ ಮಣ್ಣೇ ಜಾರಿ ಸುಮಾರು ಎರಡು ವಾರ ಮಂಗಳೂರು ರೈಲು ಬಂದ್ ಆಗಿತ್ತಲ್ಲ, ಆವಾಗ ಎಷ್ಟು ಹಾಫ್ ಡೇ ಆಯ್ತು ಕೇಳಿ ನೋಡಿ. ನೀರಿನ ಲೆಕ್ಕ ತಪ್ಪಿದ್ರೆ ಹೊಲವೂ ಹೋಗ್ತದೆ, ನಿಮ್ಮ ಆಫೀಸೂ ತಪ್ತದೆ.

ಟಾಂಟನ್_ಕನ್ನಡಿಗ
ನಾನು ಮೈಸೂರಿನವನು, ಇಂಗ್ಲೆಂಡಿನ ಸಾಮರ್‌ಸೆಟ್ ಕಡೆ ಇದೀನಿ. ಇಲ್ಲಿ ಇದೇ ಜಗಳ ಒಂದು ದೊಡ್ಡ ಲೆವೆಲ್ಲಲ್ಲಿ ನಡೆದಿದೆ ಕಣ್ರೀ, ಇವತ್ತಿಗೂ ಪಬ್ಬಲ್ಲಿ ವಯಸ್ಸಾದ ರೈತರ ಪಕ್ಕ ಕೂತ್ರೆ ಆ ವಿಷ್ಯ ಬರದೆ ಇರಲ್ಲ. ಸಾಮರ್‌ಸೆಟ್ ಲೆವೆಲ್ಸ್ ಅಂತ ಸಮುದ್ರಮಟ್ಟಕ್ಕೆ ಹತ್ರದ ತಗ್ಗು ಪ್ರದೇಶ, ಹಸು ಮೇಯೋ ಹುಲ್ಲುಗಾವಲು. 2013-14ರ ಚಳಿಗಾಲದಲ್ಲಿ ಮಳೆ ನಿಲ್ಲಲೇ ಇಲ್ಲ, ಪ್ಯಾರೆಟ್, ಟೋನ್ ಅನ್ನೋ ಎರಡು ನದಿ ಉಕ್ಕಿ ವಾರಗಟ್ಟಲೆ ನೀರು ನಿಂತಿತ್ತು. ಮಚಲ್ನಿ ಅನ್ನೋ ಹಳ್ಳಿ ದ್ವೀಪ ಆಗಿ ಜನ ದೋಣೀಲಿ ಸಾಮಾನು ತರ್ತಿದ್ರು. ಬ್ರಿಜ್‌ವಾಟರ್–ಟಾಂಟನ್ ರೈಲ್ವೆ ಲೈನ್ ನೀರಲ್ಲಿ ಮುಳುಗಿ ಸಿಗ್ನಲ್ ಹಾಳಾಯ್ತು, ಅದೇ ಫೆಬ್ರವರೀಲಿ ಡಾಲಿಶ್ ಹತ್ರ ಸಮುದ್ರದ ಅಲೆಗೆ ಗೋಡೆ ಒಡೆದು ಹಳಿ ಗಾಳೀಲಿ ಹಗ್ಗದ ಥರ ನೇತಾಡ್ತಿದ್ದ ಫೋಟೋ ನೀವೂ ನೋಡಿರ್ತೀರಾ, ಆ ಲೈನ್ ಮತ್ತೆ ತೆರೆದಿದ್ದು ಏಪ್ರಿಲ್ 4ಕ್ಕೆ.

ರೈತರೆಲ್ಲ ಒಂದೇ ಮಾತು, ಪರಿಸರ ಏಜೆನ್ಸಿ ವರ್ಷಾನುಗಟ್ಟಲೆ ನದಿ ಹೂಳು ಎತ್ತಲಿಲ್ಲ, ಹಕ್ಕಿ ಮೀನು ಅಂತ ಕೂತ್ರು, ಎತ್ತಿದ ಹೂಳನ್ನ ದಡಕ್ಕೆ ಹಾಕೋಕೂ ಕಸದ ಕಾನೂನು ಅಡ್ಡ ಬರುತ್ತೆ ಅಂತ. ಕೊನೆಗೆ ಸರ್ಕಾರ ಮಣಿದು 2014ರಲ್ಲೇ 8 ಕಿಲೋಮೀಟರ್ ಹೂಳೆತ್ತಿಸ್ತು, ಮರುವರ್ಷ ಈ ಜಿಲ್ಲೆಗೇ ಅಂತ ಒಂದು ನದಿ ಪ್ರಾಧಿಕಾರ ಆಯ್ತು. ನನಗೆ ಅದರಲ್ಲಿ ಇಷ್ಟ ಆಗಿದ್ದು ಹೂಳೆತ್ತಿದ್ದಲ್ಲ. ಅಷ್ಟು ಮಳೆಗೆ ಹೂಳೆತ್ತಿದ್ರೂ ನೀರು ಬರ್ತಿತ್ತು, ಸ್ವಲ್ಪ ಬೇಗ ಇಳೀತಿತ್ತು ಅಷ್ಟೇ. ಇಷ್ಟ ಆಗಿದ್ದು ಏನಂದ್ರೆ ಕೌಂಟಿಯವರು, ಕಾಲುವೆ ಮಂಡಳಿಯವರು, ಪರಿಸರದವರು ಒಂದೇ ಟೇಬಲ್ಲಿಗೆ ಬಂದ್ರು. ಮುಂಚೆ ರೈತ ಫೋನ್ ಮಾಡಿದ್ರೆ "ಆ ಕಾಲುವೆ ನಮ್ಮದಲ್ಲ" ಅನ್ನೋ ಉತ್ತರಾನೇ ಇಲ್ಲೂ ಸಿಗ್ತಿತ್ತು, ಇಂಗ್ಲಿಷಲ್ಲಿ.

ಡೋಣಿ_ದಂಡಿ
ಇಂಗ್ಲಿಷ್‌ನ್ಯಾಗ ಬೈಸ್ಕೊಂಡ್ರ ಸ್ವಲ್ಪ ಕಡಿಮಿ ನೋವು ಆಗ್ತಿರಬೇಕು 😄

ಕೀಮ್ಯಾನ್_ರಿಟೈರ್ಡ್
ಕಾನೂನು ಕಾಯ್ದೆ ನಂಗ ಗೊತ್ತಿಲ್ಲ, ಕೆಲಸದ್ದು ಒಂದ ಹೇಳ್ತೀನಿ. 2005ರ ಅಕ್ಟೋಬರ್ 29ಕ್ಕ ಈಗಿನ ತೆಲಂಗಾಣದ ವಲಿಗೊಂಡ ಹತ್ರ ಕೆರಿ ಒಡದು ಹಳಿ ಕೆಳಗಿನ ಮಣ್ಣ ಕೊಚ್ಚಿ ಹೋಗಿ ಡೆಲ್ಟಾ ಪ್ಯಾಸೆಂಜರ್ ನಸಿಕಿನ್ಯಾಗ ನೀರಾಗ ಬಿತ್ತು. ನೂರಕ್ಕಿಂತ ಜಾಸ್ತಿ ಜನ ಸತ್ರು. ದೊಡ್ಡ ಹೊಳಿ ಅಲ್ಲ, ಸಣ್ಣ ಮೋರಿ! ಸುದ್ದಿ ಕೇಳಿದ ದಿನ ನಮ್ಮ ಗ್ಯಾಂಗಿನ್ಯಾಗ ಯಾರೂ ಬುತ್ತಿ ಬಿಚ್ಚಲಿಲ್ಲ.

ನಮ್ಮಲ್ಲಿ ಒಂದ ಪಟ್ಟಿ ಇರ್ತೈತಿ, ರೈಲ್ವೆ ಅಫೆಕ್ಟಿಂಗ್ ಟ್ಯಾಂಕ್ ಅಂತಾರ, ಅಂದ್ರ ಒಡದ್ರ ಹಳಿಗೆ ಧಕ್ಕಿ ಆಗೂವಂಥಾ ಕೆರಿಗಳು. ಮಳಿಗಾಲಕ್ಕ ಮೊದ್ಲು ನೀರಾವರಿಯವ್ರು, ರೈಲ್ವೆದವ್ರು ಕೂಡಿ ಹೋಗಿ ಕಟ್ಟಿ, ಕೋಡಿ ನೋಡಬೇಕು. ನಾನೂ ಸಾಹೇಬ್ರ ಹಿಂದ ಕೊಡೆ ಹಿಡ್ಕೊಂಡು ಹೋಗೀನಿ, ಕೆರಿ ಏರಿ ಮ್ಯಾಲೆ ಇಲಿ ತೂತು ಇದ್ರ ಅದನ್ನೂ ಬರ್ಕೊಂತಿದ್ರು.

ಲಾಯರ್_ಕಾಕಾ
ತಡೀರಿ ತಡೀರಿ. ಇದು ನಂಗೆ ಹೊಸಾ ವಿಷಯ. ಹಳಿಗೆ ತ್ರಾಸು ಕೊಡೋ ಕೆರೆಗಳ ಪಟ್ಟಿ ಐತಿ, ಎರಡು ಇಲಾಖೆ ಕೂಡಿ ನೋಡ್ತಾರೆ. ಹೊಲಕ್ಕೆ ತ್ರಾಸು ಕೊಡೋ ಮೋರಿಗಳ ಪಟ್ಟಿ?

ಕೀಮ್ಯಾನ್_ರಿಟೈರ್ಡ್
ನನ್ನ ಸರ್ವಿಸಿನ್ಯಾಗ ಅಂಥಾದ್ದು ನೋಡಿಲ್ಲ. ಮೋರಿ ಹಳಿಗೆ ಗಟ್ಟಿ ಐತೋ ಇಲ್ಲೋ ಅಂತ ನೋಡ್ತಾರ, ಹೂಳು ತಗಸ್ತಾರ, ಅದೂ ರೈಲ್ವೆ ಹದ್ದಿನಮಟ. ಹದ್ದಿನ ಕಲ್ಲು ದಾಟಿ ಹತ್ತ ಹೆಜ್ಜಿ ಆಚೆ ಹಳ್ಳ ಕಟ್ಟಿದ್ರ ಅದು ನಮ್ಮ ಪುಸ್ತಕದಾಗ ಬರೂದಿಲ್ಲ.

ಯಲ್ಲಾಪುರದ_ಹುಡುಗಿ
ಕಾಕಾ, ಇದು ಇವತ್ತಿನ ಜಗಳ ಅಲ್ಲ. 1922ರಲ್ಲಿ ಉತ್ತರ ಬಂಗಾಳದಲ್ಲಿ ದೊಡ್ಡ ನೆರೆ ಬಂದಾಗ ರೈಲ್ವೆ ದಿಬ್ಬವೇ ನೀರು ತಡೆದದ್ದು ಅಂತ ಭಾರೀ ಗದ್ದಲ ಎದ್ದಿತ್ತಂತೆ. ಲೆಕ್ಕ ಹಾಕಲಿಕ್ಕೆ ಕರೆದದ್ದು ಸಂಖ್ಯಾಶಾಸ್ತ್ರದ ಮಹಲನೋಬಿಸರನ್ನ. ಐವತ್ತು ವರ್ಷದ ಮಳೆ ಲೆಕ್ಕ ತೆಗೆದು, ನೀರು ಹಿಡಿದಿಡೋ ದೊಡ್ಡ ಕಟ್ಟೆ ಕಟ್ಟಿ ಪ್ರಯೋಜನ ಇಲ್ಲ, ನೀರು ಬೇಗ ಹರಿದು ಹೋಗೋ ದಾರಿ ಮಾಡಿ ಅಂದ್ರು ಅವರು. ನೂರು ವರ್ಷ ಆಯ್ತು, ನಾವಿನ್ನೂ ಅಲ್ಲೇ ಇದ್ದೇವೆ.

ಹೆಬಸೂರ_ಹುಡುಗ
ಅಂಡರ್‌ಪಾಸ್ ಬಗ್ಗೆ ಯಾರೂ ಮಾತಾಡವಲ್ರಿ??? ಗೇಟ್ ತಗದು ಅಂಡರ್‌ಪಾಸ್ ಮಾಡ್ಯಾರ ಎಲ್ಲಾ ಕಡೆ. ಎರಿ ನೆಲದಾಗ ಕೆಳಗ ತಗ್ಗ ತೋಡಿದ್ರ ಅದು ರಸ್ತಾ ಅಲ್ರಿ ಬಾಂವಿ. ಹೋದ ವರ್ಷ ನಮ್ಮ ಕಾಕಾ ಟ್ರ್ಯಾಕ್ಟರ್ ತುಂಬ ಉಳ್ಳಾಗಡ್ಡಿ ಹೇರ್ಕೊಂಡು ಬಂದು ಈಚೆ ನಿಂತ್ರು, ಒಳಗ ಎದಿಮಟ ನೀರು, ಆಚೆ ಮಾರ್ಕೆಟ್ಟಿನ ಹಾದಿ. ಮೂರ ದಿನ. ನೀರು ತಗಿಯೋ ಮೋಟರ್ ಇತ್ತು, ಅದನ್ನ ಯಾರೋ ಹೊಡ್ಕೊಂಡು ಹೋಗಿದ್ರು. ಉಳ್ಳಾಗಡ್ಡಿ ವಾಸನಿ ಊರ ತುಂಬ

ಡೈಲಿ_ಪ್ಯಾಸೆಂಜರ್
ಇದನ್ನ ಮಾತ್ರ ನಾನೂ ಒಪ್ತೀನಿ. ಬ್ರಾಡ್ ಗೇಜಲ್ಲಿ ಕಾವಲಿಲ್ಲದ ಗೇಟು 2019ರ ಜನವರಿಗೆ ಪೂರ್ತಿ ತೆಗೆದ್ರು, ಜೀವ ಉಳೀತು, ಒಳ್ಳೇದೇ. ಆದ್ರೆ ಮಳೆ ನೀರು ಎಲ್ಲಿಗೆ ಹೋಗ್ಬೇಕು ಅಂತ ಡ್ರಾಯಿಂಗ್ ಬರೆದವ್ರು ಒಂದ್ಸಲ ಆಗಸ್ಟಲ್ಲಿ ಬಂದು ನೋಡ್ಬೇಕಿತ್ತು.

ಎರಿಹೊಲದಾಂವ
ಕೀಮ್ಯಾನ್ ಕಾಕಾರ, ನೀವು ಹೇಳಿದಂಗ ಇವತ್ತ ಮುಂಜಾನೆ ನೀರು ಇನ್ನಾ ಇದ್ದಾಗ ಹೋಗಿ ನೋಡಿ ಬಂದೆ. ಖರೇ ಹೇಳ್ತೀನಿ, ನಾಚಿಕಿ ಆತು.

ಮೋರಿ ಮೂರೂ ಕಣ್ಣು ಹಂಗ ಅದಾವ, ಹೊಸಾ ಹಳಿ ಕೆಳಗೂ ಅಷ್ಟ ಅಗಲ ಬಾಕ್ಸ್ ಹಾಕ್ಯಾರ. ಮ್ಯಾಲಕಡೆ ಕೆಳಕಡೆ ನೀರು ಒಂದ ಮಟ್ಟ! ಕಟಗಿ ನೆಟ್ಟು ನೋಡಿದೆ, ನಾಕ ಬಟ್ಟ ಫರಕೂ ಇಲ್ಲ. ಹಂಗಾರ ತಪ್ಪು ಎಲ್ಲಿ ಅಂತ ಹಳ್ಳದ ಗುಂಟ ಕೆಳಗ ಒಂದೂವರಿ ಫರ್ಲಾಂಗ್ ನಡಕೊಂತ ಹ್ವಾದೆ. ಅಲ್ಲಿ ಐತ್ರಿ ಕಥಿ. ಹಳಿ ದಿಬ್ಬಕ್ಕ ಗರಸು ಹೇರಾಕ ಟಿಪ್ಪರ್ ಅಡ್ಡಾಡಲಿ ಅಂತ ಗುತ್ತಿಗೆದಾರ ಹಳ್ಳಕ್ಕ ಅಡ್ಡ ಕಚ್ಚಾ ರಸ್ತಾ ಹಾಕ್ಯಾನ. ಕೆಳಗ ಎರಡ ಸಿಮೆಂಟ್ ಪೈಪು, ಒಂದು ಪೂರಾ ಮುಚ್ಚೇತಿ, ಇನ್ನೊಂದರಾಗ ಜಾಲಿಕಂಟಿ ಸಿಕ್ಕೊಂಡು ಅದಕ್ಕ ಪ್ಲಾಸ್ಟಿಕ್ ಚೀಲ, ಒಂದ ಸತ್ತ ಹಂದಿ. ಕೆಲಸ ಮುಗದು ಟಿಪ್ಪರ್ ಹ್ವಾದ್ವು, ರಸ್ತಾ ಅಲ್ಲೇ ಉಳದೈತಿ. ಅದರ ಮ್ಯಾಲಕಡೆ ನೀರು ನನ್ನ ಎದಿಮಟ, ಕೆಳಕಡೆ ಹುಡುಗ್ರು ಮೀನ ಹಿಡ್ಯಾಕತ್ತಿದ್ರು ಪಾದ ತೊಯ್ಯೂವಷ್ಟ ನೀರಾಗ.

ಎರಡ ವರ್ಷ ಮೋರಿಗೆ ಬೈದೀನಿ ನಾ.

ಕೀಮ್ಯಾನ್_ರಿಟೈರ್ಡ್
ಹಾಂ. ಈಗ ಬಂತ ನೋಡು ದಾರಿಗೆ. ಫೋಟೋ ತಗದ್ಯಾ? ಎದಿಮಟ ಅನ್ನಬ್ಯಾಡ, ಟೇಪ್ ಹಿಡದು ಫೂಟು ಇಂಚು ಬರಿ, ಹತ್ರದ ಕಿಲೋಮೀಟರ್ ಕಲ್ಲಿನ ನಂಬರೂ ಬರಿ, ಮೋರಿ ಮ್ಯಾಲೆ ಸೇತುವೆ ನಂಬರ್ ಇರ್ತೈತಿ ಅದನ್ನೂ. ನಂಬರ್ ಇಲ್ಲದ ಅರ್ಜಿ ಯಾರೂ ಓದೂದಿಲ್ಲ.

ಲಾಯರ್_ಕಾಕಾ
ಈಗ ನಿಮ್ಮ ಕೇಸು ಪೂರಾ ಬದಲಾತು, ಒಳ್ಳೇದಕ್ಕೇ ಬದಲಾತು. ಮೋರಿ ದೊಡ್ಡದು ಮಾಡ್ರಿ ಅಂದ್ರೆ ಹತ್ತು ವರ್ಷದ ಕೊಕ್ಕೆ. ಇದು ಹಳ್ಳ ಕಟ್ಟಿದ್ದು, ಸರ್ಕಾರಿ ಹಳ್ಳ ಒತ್ತಿದ್ದು. ತಹಶೀಲ್ದಾರ್‌ಗೆ ಒಂದು, ಕೆಲಸ ಮಾಡಿಸಿದ ಇಲಾಖೆಗೆ ಒಂದು ಅರ್ಜಿ ಕೊಡ್ರಿ, ತಾತ್ಪೂರ್ತಿಕ ರಸ್ತೆ ಕಿತ್ತು ಹಳ್ಳ ಮೊದಲಿನಂಗ ಮಾಡೋ ಷರತ್ತು ಗುತ್ತಿಗೆ ಕರಾರಿನಲ್ಲಿ ಐತೇನು ಅಂತ ಮಾಹಿತಿ ಹಕ್ಕಿನಲ್ಲಿ ಕೇಳ್ರಿ.

ಆ ಗರಸು ಎಲ್ಲಿಂದ ತಂದ್ರು ಅನ್ನೋದನ್ನೂ ಕೇಳ್ರಿ. ರಸ್ತೆ, ಪೈಪ್‌ಲೈನಿನಂಥ ಉದ್ದುದ್ದ ಕಾಮಗಾರಿಗೆ ಮಣ್ಣು ಅಗೆಯೋಕೆ ಪರಿಸರ ಅನುಮತಿ ಬೇಡ ಅಂತ 2020ರ ಮಾರ್ಚಿನಲ್ಲಿ ಕೇಂದ್ರ ಒಂದು ವಿನಾಯ್ತಿ ಕೊಟ್ಟಿತ್ತು, ಅದನ್ನ 2024ರ ಮಾರ್ಚ್ 21ಕ್ಕೆ ಸುಪ್ರೀಂ ಕೋರ್ಟ್ ಹೊಡೆದು ಹಾಕೈತಿ. ಹಂಗಾಗಿ ಈ ಪ್ರಶ್ನೆ ಕೇಳಿದ್ರೆ ಫೈಲು ಸ್ವಲ್ಪ ಜಲ್ದಿ ಓಡ್ತೈತಿ, ಅನುಭವದ ಮಾತು.

ಬೆಳೆ ವಿಮೆ ತುಂಬಿದ್ರೆ ನೀರು ನಿಂತ 72 ತಾಸಿನೊಳಗೆ ತಿಳಿಸಬೇಕಿತ್ತು. ತಿಳಿಸೀರೇನು?

ಎರಿಹೊಲದಾಂವ
ಇಲ್ರಿ ಕಾಕಾ. ಐದ ದಿನ ಆತು. ಅದು ಗೊತ್ತಿರಲಿಲ್ಲ.

ಲಾಯರ್_ಕಾಕಾ
ಹೋಗ್ಲಿ. ಹಾನಿ ಶೇಕಡಾ 33 ಇಲ್ಲಾ ಅದಕ್ಕಿಂತ ಜಾಸ್ತಿ ಇದ್ರೆ ಸರ್ಕಾರಿ ಪರಿಹಾರಕ್ಕೆ ಬರ್ತೀರಿ, ಗ್ರಾಮ ಲೆಕ್ಕಿಗರಿಗೆ ಹೇಳಿ ಜಂಟಿ ಸರ್ವೇ ಮಾಡಿಸ್ರಿ, ನೀವು ಹೊಲದಾಗ ನಿಂತಿರ್ರಿ, ಮನ್ಯಾಗ ಕೂಡಬ್ಯಾಡ್ರಿ. 2022–26ರ ಕೇಂದ್ರದ ಮಾನದಂಡ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಅಂದ್ರೆ ಎಕರೆಗೆ ಸುಮಾರು 3,400. ಅದೂ ಎರಡು ಹೆಕ್ಟೇರಿನಮಟ.

ಡೋಣಿ_ದಂಡಿ
ಎಕರೆಗೆ 3,400. ಹೆಸರ ಬೀಜ, ಗೊಬ್ಬರ, ಎಡಿ ಹೊಡಿಯೂದು, ಕಳೆ, ಎಣ್ಣಿ… ಬಿಡ್ರಿ, ಲೆಕ್ಕ ಮಾಡಿದ್ರ ರಾತ್ರಿ ನಿದ್ದಿ ಬರೂದಿಲ್ಲ. ಮತ್ತ ಇದ ಮಂದಿ ನಾವು ಮಹಾದಾಯಿ ನೀರ ಕೊಡ್ರಿ ಅಂತ ವರ್ಷಗಟ್ಟಲೆ ನರಗುಂದದಾಗ ಕುಂತವ್ರು. 2018ರ ತೀರ್ಪಿನ್ಯಾಗ 13.42 ಟಿಎಂಸಿ ಬಂತು ಕಾಗದದ ಮ್ಯಾಲೆ, ಪರಿಸರ ವನ್ಯಜೀವಿ ಪರವಾನಗಿ ಅಂತ ಅದು ಅಲ್ಲೇ ನಿಂತೈತಿ. ಬೇಕಾದ ನೀರಿಗೆ ನೂರಾಎಂಟ ಪರವಾನಗಿ, ಬ್ಯಾಡಾದ ನೀರು ಪರವಾನಗಿ ಕೇಳದ ಹೊಲದಾಗ ಬಂದು ಕೂಡ್ತೈತಿ.

ಯಲ್ಲಾಪುರದ_ಹುಡುಗಿ
ಮಹಾದಾಯಿ ವಿಷ್ಯಕ್ಕೆ ನಾನು ನಿಮ್ಮ ಜೊತೆ ಜಗಳ ಆಡ್ತೇನೆ, ಆದ್ರೆ ಇವತ್ತಲ್ಲ. ಇವತ್ತು ಇವರ ಹಳ್ಳದ ದಿನ.

ಟಾಂಟನ್_ಕನ್ನಡಿಗ
ಒಂದು ಕೇಳ್ತೀನಿ ಎರಿಹೊಲದವ್ರೇ, ಆ ಕಚ್ಚಾ ರಸ್ತೇನ ಊರವರು ಬಳಸ್ತಿದಾರಾ? ಯಾಕಂದ್ರೆ ಇಲ್ಲೂ ಹಂಗೇ ಆಗುತ್ತೆ, ಟೆಂಪರರಿ ಅಂತ ಹಾಕಿದ್ದು ಜನಕ್ಕೆ ಅಭ್ಯಾಸ ಆಗಿ ಆಮೇಲೆ ಕೀಳೋಕೆ ಹೋದ್ರೆ ಅವರೇ ಅಡ್ಡ ಬರ್ತಾರೆ.

ಎರಿಹೊಲದಾಂವ
ಸರಿಯಾಗಿ ಹಿಡದ್ರಿ ನೋಡ್ರಿ. ಹಳ್ಳದ ಆಚೆ ದಂಡಿಯ ಹೊಲದವ್ರು, ನಮ್ಮ ದೊಡ್ಡಪ್ಪನ ಮಕ್ಕಳ ಅವ್ರು, ಬಂಡಿ ಹೊಡ್ಯಾಕ ಅನುಕೂಲ ಆಗೇತಿ ಕೀಳಬ್ಯಾಡ್ರಿ ಅನ್ನಾಕತ್ತಾರ. ಅವ್ರ ಹೊಲ ದಿನ್ನಿ ಮ್ಯಾಲೆ, ಮುಳಗೂದಿಲ್ಲ. ಅರ್ಜಿಗೆ ಸಹಿ ಹಾಕ್ರಿ ಅಂದ್ರ ಅಣ್ಣ ಚಾ ಕುಡಿಸಿ ಕಳಿಸಿದ. ಹಂಗಾಗಿ ಕಿತ್ತ ಒಗೀರಿ ಅಂತ ಬರೀಲಿಲ್ಲ, ಎರಡ ಪೈಪಿನ ಜಾಗಾಕ್ಕ ದೊಡ್ಡ ಬಾಕ್ಸ್ ಹಾಕ್ರಿ, ಆಗೂದಿಲ್ಲಂದ್ರ ಕೀಳ್ರಿ ಅಂತ ಬರದೀನಿ. ಲಾಯರ್ ಕಾಕಾ, ಇದು ನಡೀತೈತೇನ್ರಿ?

ಲಾಯರ್_ಕಾಕಾ
ನಡೀತೈತಿ. ಆದ್ರೆ ಮೊದಲು "ಕೀಳ್ರಿ" ಬರೀರಿ, ಆಮೇಲೆ "ಇಲ್ಲಾ ಬಾಕ್ಸ್ ಹಾಕ್ರಿ" ಬರೀರಿ. ಉಲ್ಟಾ ಬರೆದ್ರೆ ಎಸ್ಟಿಮೇಟ್ ಆಗಬೇಕು ಅಂತ ಮೂರು ಮಳೆಗಾಲ ಕಳೀತಾರೆ. ಮತ್ತೆ ಅಣ್ಣನ ಸಹಿ ಇಲ್ಲದೇ ಕೊಡಬ್ಯಾಡ್ರಿ, ನಾಳೆ ಅವರೇ ತಕರಾರು ಅರ್ಜಿ ಕೊಟ್ರೆ ಸಾಹೇಬ್ರಿಗೆ ಹಬ್ಬ.

ಕೀಮ್ಯಾನ್_ರಿಟೈರ್ಡ್
ತಮ್ಮಾ, ಆ ಪೈಪಿನ ಬಾಯಾಗಿನ ಜಾಲಿಕಂಟಿ ತಗ್ಯಾಕ ಯಾರ ಸಹಿನೂ ಬೇಕಾಗಿಲ್ಲ. ನೀರ ಇಳದ ಮ್ಯಾಲೆ ಒಂದ ಹಗ್ಗಾ, ಒಂದ ಟ್ರ್ಯಾಕ್ಟರ್, ನಾಕ ಹುಡುಗ್ರು. ನೀರ ಇದ್ದಾಗ ಮಾತ್ರ ಪೈಪಿನ ಮುಂದ ಯಾರೂ ಇಳೀಬ್ಯಾಡ್ರಿ, ಒಳಗ ಜಗ್ತೈತಿ, ನಾ ನೋಡೀನಿ. ಐತವಾರ ನಾನೂ ಬರ್ತೀನಿ, ಸ್ಟೇಷನ್ನಿನಿಂದ ಕರ್ಕೊಂಡು ಹೋಗು.

ಎರಿಹೊಲದಾಂವ
ಬರ್ರಿ ಕಾಕಾರ, ಪ್ಯಾಸೆಂಜರ್ ಗಾಡಿಗೆ ಬರ್ರಿ. ರೊಟ್ಟಿ, ಮೊಳಕಿ ಹೆಸರ ಪಲ್ಯಾ. ಅದೊಂದಕ್ಕ ಈ ವರ್ಷ ನಮ್ಮ ಮನ್ಯಾಗ ಕಡಿಮಿ ಇಲ್ಲ.